ಮಂಡಿ ನೋವಿರುವ ಅಮ್ಮನ ಜತೆ ಪೋರ್ಟೊ ನಗರವನ್ನು ಒಂದೇ ದಿನದಲ್ಲಿ ನಡೆದು ನೋಡಬಹುದೇ?

ನಿಮ್ಮ ಬಳಿ ಇರುವುದು ಒಂದು ಪೂರ್ತಿ ಹಗಲು. ಅಮ್ಮನಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು. ಪೋರ್ಚುಗಲ್‌ನ ಪೋರ್ಟೊ ನಡೆದು ನೋಡುವಂಥ ಊರೇ ಅಂತ ಕೇಳಿದ್ದೀರಿ. ಹೌದು, ನಡೆದೇ ನೋಡಬೇಕಾದ ಊರು. ಆದರೆ ಮ್ಯಾಪಿನಲ್ಲಿ ದೂರ ನೋಡಿ ದಾರಿ ಹಾಕಬೇಡಿ, ಎತ್ತರ ನೋಡಿ ಹಾಕಿ. ಹಳೇ ಊರು ಕಡಿದಾದ ಗುಡ್ಡದ ಮೇಲಿಂದ ದೌರೊ ನದಿಯ ದಂಡೆಯವರೆಗೆ ಇಳಿಬಿದ್ದಿದೆ. ಮ್ಯಾಪು 400 ಮೀಟರ್ ಎಂದಿದ್ದು ನಡೆಯಲು ಹೋದಾಗ ನೂರಾರು ಮೆಟ್ಟಿಲಾಗಿರುತ್ತದೆ.

ಬಹಳ ಜನ 'ಮೇಲಿಂದ ಶುರು ಮಾಡಿ ಇಳಿಯುತ್ತಾ ಬನ್ನಿ' ಅಂತ ಹೇಳಿರುತ್ತಾರೆ. ಗಟ್ಟಿ ಕಾಲಿನವರಿಗೆ ಅದು ಸರಿ. ಮಂಡಿ ನೋವಿಗೆ ಹತ್ತುವುದಕ್ಕಿಂತ ಇಳಿಯುವುದೇ ಹಿಂಸೆ. ಹಾಗಾಗಿ ನಾನು ಹೇಳುವ ಲೆಕ್ಕ ಬೇರೆ: ದೊಡ್ಡ ಎತ್ತರವನ್ನು ಎರಡೇ ಸಲ ದಾಟಿ, ಎರಡು ಸಲವೂ ಯಂತ್ರದಲ್ಲಿ ಕೂತು ದಾಟಿ. ಇಳಿಯಲು ನದಿಯಾಚೆಯ ಗಾಯಾ ಊರಿನ ಕೇಬಲ್ ಕಾರ್, ಹತ್ತಲು ಪೋರ್ಟೊ ಕಡೆಯ ಫುನಿಕುಲರ್, ಅಂದರೆ ಕಡಿದಾದ ಇಳಿಜಾರಿನಲ್ಲಿ ಹಗ್ಗ ಎಳೆಯುವ ಪುಟ್ಟ ರೈಲು. ನಡುವಿನದ್ದು ನಡಿಗೆ, ಒಟ್ಟು ಐದು ಕಿಲೋಮೀಟರ್ ಆಸುಪಾಸು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಟ್ಯಾಕ್ಸಿಯಲ್ಲಿ ಕಾರ್ಮೊ ಚರ್ಚಿನ ಮುಂದೆ ಇಳಿಯಿರಿ. ಅದರ ಪಕ್ಕದ ಗೋಡೆಗೆ ಪೂರ್ತಿ ನೀಲಿ-ಬಿಳಿ ಮೆರುಗು ಹೆಂಚಿನ (ಟೈಲ್ಸ್) ಚಿತ್ರ. 'ಅಜುಲೇಜು' ಎನ್ನುವುದು ಇದಕ್ಕೇ. ಅಲ್ಲಿಂದ ಕೂಗಳತೆಯಲ್ಲಿ ಕ್ಲೆರಿಗೊಸ್ ಗೋಪುರ. ವಾಸ್ತುಶಿಲ್ಪಿ ನಿಕೊಲೌ ನಸೋನಿ ಕಟ್ಟಿದ್ದು, ಮುಗಿದದ್ದು 1763ರಲ್ಲಿ. ಒಳಗೆ ಇನ್ನೂರಕ್ಕೂ ಹೆಚ್ಚು ಇಕ್ಕಟ್ಟಾದ ಮೆಟ್ಟಿಲುಗಳಿವೆ, ಅಮ್ಮನನ್ನು ಹತ್ತಿಸಬೇಡಿ. ಅಂಥದ್ದೇ ನೋಟ ಮುಂದೆ ಪುಕ್ಕಟೆ ಸಿಗುತ್ತದೆ. ಪಕ್ಕದಲ್ಲೇ ಇರುವ 1906ರ ಲೆಲ್ಲೊ ಪುಸ್ತಕದಂಗಡಿಗೆ ಟಿಕೆಟ್ ಇದೆ, ಪುಸ್ತಕ ಕೊಂಡರೆ ಆ ಹಣ ಬೆಲೆಯಲ್ಲಿ ವಜಾ. ಸಮಯ ಮೊದಲೇ ಕಾದಿರಿಸದೆ ಹೋದರೆ ಅರ್ಧ ಬೆಳಿಗ್ಗೆ ಸಾಲಿನಲ್ಲೇ ಕಳೆಯುತ್ತದೆ. ಒಂದೇ ದಿನ ಇರುವವರು ಬಿಟ್ಟರೆ ನಷ್ಟವೇನಿಲ್ಲ.

ಕ್ಲೆರಿಗೊಸ್ ಬೀದಿಯ ಇಳಿಜಾರಿನಲ್ಲಿ ನಿಧಾನಕ್ಕೆ ಇಳಿದರೆ ಸೌ ಬೆಂತೊ ರೈಲು ನಿಲ್ದಾಣ. ಇಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿ. ಹಿಂದೆ ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠವಿದ್ದ ಜಾಗ ಇದು, ನಿಲ್ದಾಣ ತೆರೆದದ್ದು 1916ರಲ್ಲಿ. ಒಳಾಂಗಣದ ಗೋಡೆಗಳಲ್ಲಿ ಚಿತ್ರಕಾರ ಜಾರ್ಜ್ ಕೊಲಾಸೊ ಬರೆದ ಸುಮಾರು 20,000 ಹೆಂಚುಗಳಿವೆ. ಎಲ್ಲರೂ ಕಣ್ಣೆತ್ತರದ ಯುದ್ಧದ ಚಿತ್ರಗಳನ್ನಷ್ಟೇ ನೋಡಿ ಹೋಗುತ್ತಾರೆ. ತಲೆ ಎತ್ತಿ ನೋಡಿ: ಮೇಲಿನ ಪಟ್ಟಿ ಬಣ್ಣದ್ದು, ಅದರಲ್ಲಿ ಸಾರಿಗೆಯ ಚರಿತ್ರೆಯೇ ಇದೆ.

ನಿಲ್ದಾಣವಿರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಹಾಗಾಗಿ ಸೆ ಎಂಬ ಮುಖ್ಯ ಚರ್ಚಿಗೆ ಹೋಗಲು ಸುಮಾರು 400 ಮೀಟರ್ ಏರು ದಾರಿ ಇದೆ. ಇಡೀ ದಿನದಲ್ಲಿ ಕಾಲಿಂದ ಹತ್ತಬೇಕಾದ, ಹೇಳಿಕೊಳ್ಳುವಂಥ ಏರು ಇದೊಂದೇ. ಅಗಲವಾದ ರಸ್ತೆಯ ಪಕ್ಕದಲ್ಲೇ ಹೋಗಿ, ಅಡ್ಡದಾರಿಯ ಮೆಟ್ಟಿಲು ಹಿಡಿಯಬೇಡಿ. ಚರ್ಚಿನ ಮುಂದಿನ ಬಯಲಿನಿಂದ ಕೆಂಪು ಹೆಂಚಿನ ಮಾಡುಗಳು, ನದಿ, ಆಚೆ ದಡ ಎಲ್ಲ ಕಾಣುತ್ತದೆ.

ಅಲ್ಲಿಂದ ಡೊಮ್ ಲೂಯಿಸ್ ಸೇತುವೆ. ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಸೇತುವೆಗೆ ಎರಡು ಅಂತಸ್ತು: ಮೇಲಿನದು ಗುಡ್ಡದ ತಲೆಗೆ, ಕೆಳಗಿನದು ನದಿ ದಂಡೆಗೆ. ಒಂದರಿಂದ ಇನ್ನೊಂದಕ್ಕೆ ಸೇತುವೆಯೊಳಗೆ ದಾರಿಯಿಲ್ಲ. ಮೊಬೈಲ್ ಮ್ಯಾಪು 'ಹೋಟೆಲ್ ಬಂತು' ಅನ್ನುತ್ತದೆ, ಬಗ್ಗಿ ನೋಡಿದರೆ ಅದು ಪಾದದ ಕೆಳಗೆ, ಹತ್ತಾರು ಮೀಟರ್ ಆಳದಲ್ಲಿರುತ್ತದೆ. ಯಾವ ಜಾಗ ಯಾವ ಅಂತಸ್ತಿಗೆ ಸೇರಿದ್ದೆಂದು ಮೊದಲೇ ಗುರುತು ಹಾಕಿಕೊಳ್ಳಿ.

ನೀವು ಮೇಲಿನದರಲ್ಲಿ ದಾಟಿ. ಅಲ್ಲಿ ಮೆಟ್ರೊ ರೈಲು ನಿಧಾನವಾಗಿ ಓಡುತ್ತದೆ, ನಡೆಯುವವರಿಗೆ ಎರಡೂ ಬದಿಯಲ್ಲಿ ಜಾಗವಿದೆ. ಫೋಟೊ ತೆಗೆಯುತ್ತಾ ಹಳಿಯ ಮೇಲೆ ಹಿಂದಕ್ಕೆ ಹೆಜ್ಜೆ ಇಡಬೇಡಿ. ಎತ್ತರದ ಭಯವಿದ್ದರೆ ಸೌ ಬೆಂತೊದಿಂದ ಮೆಟ್ರೊ ಹತ್ತಿ ಆಚೆಯ ಜಾರ್ಡಿಮ್ ದೊ ಮೋರೊದಲ್ಲಿ ಇಳಿಯಬಹುದು. ಈ ಸೇತುವೆ ಪ್ಯಾರಿಸ್ಸಿನ ಗೋಪುರದ ಐಫೆಲ್ ಕಟ್ಟಿದ್ದು ಅಂತ ಹೇಳುವವರು ಸಿಗುತ್ತಾರೆ. ಅಲ್ಲ. ಐಫೆಲ್ ಕಂಪನಿಯದ್ದು ನದಿಯ ಮೇಲ್ಭಾಗದಲ್ಲಿರುವ 1877ರ ಮರಿಯಾ ಪಿಯಾ ರೈಲು ಸೇತುವೆ. ನೀವು ದಾಟುವ ಈ ಸೇತುವೆ ಒಂದು ಕಾಲಕ್ಕೆ ಐಫೆಲ್‌ನ ಪಾಲುದಾರನಾಗಿದ್ದ ತಿಯೊಫಿಲ್ ಸೇರಿಗ್‌ನದು, 1886ರದು. ಕಮಾನಿನ ಹರವು 172 ಮೀಟರ್.

ಜಾರ್ಡಿಮ್ ದೊ ಮೋರೊ ಪಾರ್ಕಿನ ಅಂಚಿನಿಂದ ಕೇಬಲ್ ಕಾರ್ ಹೊರಡುತ್ತದೆ, ಐದು ನಿಮಿಷದಲ್ಲಿ ಗಾಯಾ ದಂಡೆಗೆ ಇಳಿಸುತ್ತದೆ. ಹೋಗಿಬರುವ ಟಿಕೆಟ್ ಬೇಡ, ಒಂದು ಕಡೆಯದು ಸಾಕು. ಈ ದಂಡೆಯ ಉದ್ದಕ್ಕೂ ಪೋರ್ಟ್ ಎಂಬ ಸಿಹಿ ವೈನಿನ ಉಗ್ರಾಣಗಳು. ಕುಡಿಯದವರೂ ತಿಳಿಯಬೇಕಾದ ವಿಷಯ ಇದು: ದ್ರಾಕ್ಷಿ ಬೆಳೆಯುವುದು ಒಳನಾಡಿನ ಬಿಸಿ ಕಣಿವೆಯಲ್ಲಿ, ವೈನ್ ಮಾಗುವುದು ಸಮುದ್ರದ ತಂಪು ಬರುವ ಇಲ್ಲಿ. ಪೀಪಾಯಿಗಳನ್ನು ಹೇರಿಕೊಂಡು ಬರುತ್ತಿದ್ದ 'ರಬೆಲು' ಎಂಬ ಚಪ್ಪಟೆ ತಳದ ದೋಣಿಗಳು ಈಗ ದಡದಲ್ಲಿ ನೋಟಕ್ಕಷ್ಟೇ ನಿಂತಿವೆ. 1986ರವರೆಗೂ ಗಾಯಾದಿಂದಲ್ಲದೆ ಪೋರ್ಟ್ ವೈನ್ ರಫ್ತು ಮಾಡುವಂತಿರಲಿಲ್ಲ. ಎದುರು ದಡದ ಬಣ್ಣದ ಮನೆಗಳು ದಕ್ಷಿಣಕ್ಕೆ ಮುಖ ಮಾಡಿವೆ; ಹಾಗಾಗಿ ಅವುಗಳ ಫೋಟೊ ಇಲ್ಲಿಂದಲೇ ಚೆಂದ. ಆಚೆ ದಡದಿಂದ ಈಚೆಗೆ ತೆಗೆದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.

ಈಗ ಕೆಳಗಿನ ಅಂತಸ್ತಿನಲ್ಲಿ ದಾಟಿ ರಿಬೈರಾ ದಂಡೆಗೆ ಬನ್ನಿ. ದಂಡೆಯ ಗೋಡೆಯಲ್ಲೊಂದು ಕಂಚಿನ ಫಲಕ, ಅದರ ಮುಂದೆ ಮೇಣದ ಬತ್ತಿಗಳು ಕಾಣುತ್ತವೆ. 1809ರ ಮಾರ್ಚ್ 29ರಂದು ಫ್ರೆಂಚ್ ಸೇನೆ ನುಗ್ಗಿದಾಗ ಜನ ದೋಣಿಗಳನ್ನು ಜೋಡಿಸಿದ್ದ ಸೇತುವೆಯ ಮೇಲೆ ಓಡಿ ನದಿ ಪಾಲಾದ ನೆನಪು ಅದು. ಮುಂದೆ ಸೌ ಫ್ರಾನ್ಸಿಸ್ಕೊ ಚರ್ಚಿಗೆ ದುಡ್ಡು ಕೊಟ್ಟು ಒಳಗೆ ಹೋಗಿ: ಹೊರಗೆ ಸಪ್ಪೆ ಕಲ್ಲು, ಒಳಗೆ ನೆಲ ಬಿಟ್ಟು ಉಳಿದಲ್ಲೆಲ್ಲ ಚಿನ್ನದ ಲೇಪದ ಮರದ ಕೆತ್ತನೆ. ಅಂದ ಹಾಗೆ, ಫಲಕಗಳಲ್ಲಿ ಚರ್ಚಿಗೆ 'ಇಗ್ರೇಜ' ಅಂತಿರುತ್ತದೆ. ಮಂಗಳೂರಿನ ಕಡೆಯವರಾದರೆ ಹೇಳಬೇಕಿಲ್ಲ, ನಮ್ಮ ಇಗರ್ಜಿ. ಚಾವಿ, ಬಟಾಟೆ ಬಂದಿದ್ದೂ ಇವರ ಭಾಷೆಯಿಂದಲೇ.

ಬಟಾಟೆ ಅಂದಾಗ ಊಟದ ಮಾತು. 'ಕಾಲ್ದು ವೆರ್ದೆ' ಎಂಬ ಸೊಪ್ಪು-ಆಲೂಗಡ್ಡೆ ಸಾರು ನೋಡಲು ಸಸ್ಯಾಹಾರ, ಆದರೆ ತಳದಲ್ಲಿ ಹಂದಿಮಾಂಸದ ತುಂಡು ಹಾಕುತ್ತಾರೆ, ಎಷ್ಟೋ ಕಡೆ ಅದರೊಂದಿಗೇ ಕುದಿಸಿರುತ್ತಾರೆ. ತುಂಡು ಎತ್ತಿ ಕೊಡುವುದಲ್ಲ, ಕುದಿಸುವಾಗಲೇ ಹಾಕಿಲ್ಲವೇ ಅಂತ ಕೇಳಿ. 'ಸೆಂ ಕಾರ್ನೆ, ಸೆಂ ಪೈಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ಊರಿನ ಹೆಸರಾಂತ ಫ್ರಾನ್ಸೆಸಿನ್ಯಾ ಮಾಂಸದ ಸ್ಯಾಂಡ್‌ವಿಚ್. ಸಸ್ಯಾಹಾರದ್ದು ಸಿಕ್ಕರೂ ಮೇಲಿನ ಸಾಸ್ ಯಾವುದರದ್ದೆಂದು ವಿಚಾರಿಸಿ. ಪಾಸ್ತೆಲ್ ದೆ ನಾತಾ ಎಂಬ ಸಿಹಿ ತಿನಿಸಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಕೇಳದೆ ಮೇಜಿಗೆ ತಂದಿಟ್ಟ ಬ್ರೆಡ್ಡು, ಆಲಿವ್ ಪುಕ್ಕಟೆಯಲ್ಲ, ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ಅಮ್ಮನಿಗೆ ಹಾಲಿನ ಕಾಫಿ ಬೇಕಾದರೆ 'ಮೇಯ ದೆ ಲೈತೆ' ಎನ್ನಿ. ಬರೀ ಕಾಫಿ ಅಂದರೆ ಒಂದೆರಡು ಗುಟುಕಿನ ಕಡುಕಹಿ ಬರುತ್ತದೆ.

ಕಾಲಿಗೆ ಹಿಡಿತವಿರುವ ರಬ್ಬರ್ ಅಟ್ಟೆಯ ಶೂ ಕಡ್ಡಾಯ. ನೆಲದ ಕಲ್ಲು ತುಳಿದು ತುಳಿದು ನುಣುಪಾಗಿದೆ, ಮಳೆ ಹನಿದರೆ ಎಣ್ಣೆ ಸವರಿದ ಹಾಗೆ. ಅಕ್ಟೋಬರ್‌ನಿಂದ ಚಳಿಗಾಲ ಮುಗಿಯುವವರೆಗೆ ಮಳೆ ಜಾಸ್ತಿ. ಮೆಟ್ರೊಗೆ 'ಅಂದಾಂತೆ' ಕಾರ್ಡು ಬೇಕು, ತಲೆಗೊಂದು. ಇಬ್ಬರು ಒಂದರಲ್ಲಿ ಹೋಗುವಂತಿಲ್ಲ. ಗೇಟು ಇರುವುದಿಲ್ಲ, ಹಾಗಂತ ಕಂಬದ ಯಂತ್ರಕ್ಕೆ ತೋರಿಸದೆ ಹತ್ತಿದರೆ ದಂಡ. ರೈಲು ಬದಲಿಸುವಾಗಲೂ ಮತ್ತೆ ತೋರಿಸಬೇಕು.

ಸಂಜೆ ದಂಡೆಯಲ್ಲೇ ಸೇತುವೆಯ ಬುಡಕ್ಕೆ ವಾಪಸ್ ನಡೆದು ಗಿಂದಾಯ್ಶ್ ಫುನಿಕುಲರ್ ಹತ್ತಿ. ಪಕ್ಕದಲ್ಲಿ ಕಾಣುವ ಮೆಟ್ಟಿಲು ಸಾಲಿನ ಆಸೆಗೆ ಬೀಳಬೇಡಿ. ಚಳಿಗಾಲದಲ್ಲಿ ಇದೂ ಕೇಬಲ್ ಕಾರೂ ಬೇಗ ನಿಲ್ಲುತ್ತವೆ, ಆವತ್ತಿನ ಸಮಯವನ್ನು ಬೆಳಿಗ್ಗೆಯೇ ನೋಡಿಕೊಳ್ಳಿ. ಫುನಿಕುಲರ್ ದುರಸ್ತಿಯಲ್ಲಿದ್ದರೆ ಟ್ಯಾಕ್ಸಿ ಕರೆಯಿರಿ. ಮೇಲೆ ಇಳಿಯುವುದು ಬಟಾಲ್ಯಾ ಚೌಕದ ಹತ್ತಿರ. ಅಲ್ಲಿಂದ ಸೌ ಬೆಂತೊಗೆ ಇಳಿಯುವ ರಸ್ತೆ ಕಡಿದು, ಅದನ್ನು ಬಿಟ್ಟು ಸಾಂತಾ ಕತರೀನಾ ಬೀದಿ ಹಿಡಿಯಿರಿ. ಹೆಚ್ಚುಕಡಿಮೆ ಸಮತಟ್ಟು, ವಾಹನಗಳ ಕಾಟವಿಲ್ಲ. ಹಾಗೇ ಮುಂದೆ ಹೋದರೆ ಹೊರಗೋಡೆಯೆಲ್ಲ ಹೆಂಚಿನ ಚಿತ್ರವಿರುವ ಅಲ್ಮಾಸ್ ಚಾಪೆಲ್, ಅದರ ಪಕ್ಕದಲ್ಲೇ ಬೊಲ್ಯಾಂವ್ ಮೆಟ್ರೊ ನಿಲ್ದಾಣ.