ಕಾರ್ ಬ್ಯಾಟರಿಯ ಟರ್ಮಿನಲ್ ಕ್ಲಿಪ್ ಯಾವಾಗ ಬದಲಾಯಿಸಬೇಕು? ಉಜ್ಜಿ ಕ್ಲೀನ್ ಮಾಡಿದರೆ ಸಾಲದೇ?

ಬಿಳಿ ಅಥವಾ ಹಸಿರು ಪುಡಿ ಕೂತಿದೆ ಅಂದ ಮಾತ್ರಕ್ಕೆ ಬದಲಾಯಿಸಬೇಕಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒರೆಸಿ. ಆಮೇಲೆ ನಟ್ ಬಿಗಿ ಮಾಡಿ, ಕ್ಲಿಪ್ಪನ್ನು ಕೈಯಲ್ಲಿ ತಿರುಗಿಸಿ ನೋಡಿ. ಸ್ವಲ್ಪವೂ ಅಲುಗಬಾರದು. ಕ್ಲಿಪ್ಪಿನ ಎರಡು ತುದಿ ಒಂದಕ್ಕೊಂದು ತಾಗಿದ್ದರೂ ಅಲುಗುತ್ತಿದೆಯಾ? ಹಾಗಾದರೆ ಅದು ಹಿಗ್ಗಿದೆ, ಅದರ ಕೆಲಸ ಮುಗಿಯಿತು. ಸಂದಿಗೆ ಮೊಳೆ, ತಂತಿ ಚೂರು ತುರುಕಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಸ್ಟಾರ್ಟ್ ಮಾಡುವಾಗ ಅಲ್ಲಿ ನೂರಕ್ಕೂ ಜಾಸ್ತಿ ಆಂಪಿಯರ್ ಹರಿಯುತ್ತದೆ. ಸಡಿಲ ಇದ್ದ ಜಾಗ ಕಾಯುತ್ತದೆ, ಕಿಡಿ ಹಾರುತ್ತದೆ. ಬಿರುಕು ಬಿಟ್ಟಿದ್ದರೆ, ಬೋಲ್ಟ್ ಸವೆದಿದ್ದರೆ ಕೂಡ ಬದಲಾಯಿಸಿ.

ಅನುಮಾನ ಉಳಿದರೆ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಇಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಂಬದ (ಕ್ಲಿಪ್ ಕೂರುವ ಗೂಟದ) ಮೇಲೆ, ಇನ್ನೊಂದು ಕ್ಲಿಪ್ ಮೇಲೆ. ಯಾರನ್ನಾದರೂ ಸ್ಟಾರ್ಟ್ ಮಾಡಲು ಹೇಳಿ. 0.2 ವೋಲ್ಟ್ ದಾಟಿದರೆ ಆ ಜೋಡಣೆ ಸರಿಯಿಲ್ಲ. ಕ್ಲಿಪ್ ಚೆನ್ನಾಗಿದ್ದರೂ ಕೇಬಲ್ ಒಳಗಿನ ತಾಮ್ರ ಹಸಿರಾಗಿದ್ದರೆ ಕೇಬಲ್ಲನ್ನೇ ಬದಲಾಯಿಸಬೇಕು, ಸುಮ್ನೆ ಕ್ಲಿಪ್ಪಿಗೆ ದುಡ್ಡು ಹಾಕಬೇಡಿ.

ಅಂಗಡಿಗೆ ಹಳೇ ಕ್ಲಿಪ್ ತೆಗೆದುಕೊಂಡು ಹೋಗಿ. ಸಣ್ಣ ಕಾರುಗಳಲ್ಲಿ ಕಂಬ ತೆಳ್ಳಗಿರುವುದು ಸಾಮಾನ್ಯ. ಪ್ಲಸ್ ಕಂಬ ಮೈನಸ್‌ಗಿಂತ ಸ್ವಲ್ಪ ದಪ್ಪ, ಎರಡೂ ಕ್ಲಿಪ್ ಒಂದೇ ಅಲ್ಲ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೇಲೊಂದಿಷ್ಟು ಪೆಟ್ರೋಲಿಯಂ ಜೆಲ್ಲಿ ಸವರಿ.