ಎರಡು ಸಂಖ್ಯೆ, ಎರಡು ಎಣಿಕೆ

ಪ್ರಶ್ನೆ: 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಭಾರತದಲ್ಲಿ ಸುಮಾರು 4.8 ಲಕ್ಷ ಜನ ಸತ್ತರೆಂದು ಸರ್ಕಾರದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಸುಮಾರು 47 ಲಕ್ಷ. ಇವರಲ್ಲಿ ಯಾರನ್ನು ನಂಬಬೇಕು?

ಉತ್ತರ: ಇವೆರಡೂ ಒಂದೇ ವಸ್ತುವಿನ ಎಣಿಕೆಯಲ್ಲ. ಸರ್ಕಾರದ್ದು ಕೋವಿಡ್ ಸಾವೆಂದು ಅಧಿಕೃತವಾಗಿ ದಾಖಲಾದ ಪ್ರಕರಣಗಳ ಪಟ್ಟಿ. 2022ರ ಮೇ ತಿಂಗಳಲ್ಲಿ ಪ್ರಕಟವಾದ ಇನ್ನೊಂದು, ಸಾಮಾನ್ಯ ವರ್ಷಗಳಲ್ಲಿ ನಿರೀಕ್ಷಿಸಬಹುದಾದಷ್ಟು ಸಾವುಗಳನ್ನು ಕಳೆದು ಉಳಿಯುವ ‘ಹೆಚ್ಚುವರಿ ಸಾವು’ಗಳ ಅಂದಾಜು, ಪರೀಕ್ಷೆಯಾಗದೆ ಸತ್ತವರೂ, ಆಸ್ಪತ್ರೆಗಳು ತುಂಬಿದ್ದರಿಂದ ಬೇರೆ ಕಾಯಿಲೆಗೆ ಚಿಕಿತ್ಸೆ ಸಿಗದೆ ಸತ್ತವರೂ ಅದರೊಳಗಿದ್ದಾರೆ. ಅಂದಾಜು ಗಣಿತದ ಮಾದರಿಯನ್ನು ಅವಲಂಬಿಸಿದೆ ಎಂಬ ಭಾರತ ಸರ್ಕಾರದ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೂ ದಾಖಲಾದ ಸಂಖ್ಯೆಯನ್ನು ಕನಿಷ್ಠ ಮಿತಿಯೆಂದು ಓದುವುದೇ ಸರಿಯೆಂದು ನನ್ನ ಅಭಿಪ್ರಾಯ.

ಸೋಂಕಿನ ಅಂಕಿಗಳಲ್ಲಿ ಈ ಅಂತರ ಇನ್ನೂ ದೊಡ್ಡದು. 2020ರ ಸೆಪ್ಟೆಂಬರ್ ಕೊನೆಗೆ ಕರ್ನಾಟಕದಲ್ಲಿ ದೃಢಪಟ್ಟ ಪ್ರಕರಣಗಳು ಸುಮಾರು 6 ಲಕ್ಷ. ಆದರೆ ಅದೇ ತಿಂಗಳು ರಾಜ್ಯ ಸರ್ಕಾರವೇ ನಡೆಸಿದ ಸಮೀಕ್ಷೆ ಶೇ 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ, ಆಗಲೇ ಸೋಂಕು ತಗುಲಿರಬಹುದೆಂದು ಅಂದಾಜಿಸಿತು. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ: ಲಕ್ಷಣಗಳೇ ಇಲ್ಲದವರಲ್ಲಿ ಬಹಳಷ್ಟು ಜನ ಪರೀಕ್ಷೆಗೆ ಬಂದಿರಲಿಲ್ಲ, ಸಮೀಕ್ಷೆಯಲ್ಲಿ ಅವರ ರಕ್ತದಲ್ಲಿ ಕಂಡ ಪ್ರತಿಕಾಯಗಳು (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು) ಮಾತ್ರ ಹಳೆಯ ಸೋಂಕನ್ನು ತೋರಿಸಿಕೊಟ್ಟವು. ಹೀಗಾಗಿ ‘ಇಂದು ಇಷ್ಟು ಪ್ರಕರಣ’ ಎಂಬ ಸುದ್ದಿಯ ಪಕ್ಕದಲ್ಲಿ ಅಂದು ಎಷ್ಟು ಪರೀಕ್ಷೆ ನಡೆಯಿತೆಂಬುದು ಇಲ್ಲದಿದ್ದರೆ, ಏರಿದ್ದು ಸೋಂಕೋ ಪರೀಕ್ಷೆಯೋ ಎಂದು ತಿಳಿಯುವಂತಿಲ್ಲ.