ಅಂಗಳದಲ್ಲಿ ಪಾಂಪಾಸ್ ಹುಲ್ಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಿಳಿ ತೆನೆಯ ಪಾಂಪಾಸ್ ಹುಲ್ಲಿನ ಬಗ್ಗೆ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇದು ಅರ್ಜೆಂಟೀನ, ಉರುಗ್ವೆ, ದಕ್ಷಿಣ ಬ್ರೆಜಿಲ್ ಕಡೆಯ ಬಯಲಿನ ಗಿಡ. ಸಸ್ಯಶಾಸ್ತ್ರದ ಹೆಸರು ಕಾರ್ಟಡೇರಿಯ ಸೆಲ್ಲೋಆನ.

ನಮ್ಮದು 30×40 ಸೈಟು. ಮನೆಯ ಪಕ್ಕದಲ್ಲಿ ಮೂರು ಅಡಿ ಜಾಗ ಬಿಟ್ಟಿದ್ದೇವೆ. ಅಲ್ಲಿ ಸಾಲಾಗಿ ಪಾಂಪಾಸ್ ಹುಲ್ಲು ಹಾಕಬಹುದೇ? ನೆಡುವುದು ಯಾವಾಗ, ಹೇಗೆ?
— ವಿದ್ಯಾರಣ್ಯಪುರದ ಓದುಗರು

ಆ ಮೂರು ಅಡಿಯಲ್ಲಿ ದಯವಿಟ್ಟು ಹಾಕಬೇಡಿ. ನರ್ಸರಿಯ ಕವರಿನಲ್ಲಿ ಒಂದೂವರೆ ಅಡಿ ಇರುವ ಗಿಡ ನಾಲ್ಕೈದು ವರ್ಷದಲ್ಲಿ ಐದಾರು ಅಡಿ ಅಗಲಕ್ಕೆ ಹರಡುತ್ತದೆ, ತೆನೆ ಸೇರಿ ಎಂಟರಿಂದ ಹತ್ತು ಅಡಿ ಎತ್ತರಕ್ಕೆ ಹೋಗುತ್ತದೆ. ಗರಿಯ ಅಂಚು ಗರಗಸದ ಹಾಗೆ ಕೊಯ್ಯುತ್ತದೆ. ಗ್ಯಾಸ್ ಸಿಲಿಂಡರ್ ತರುವವರು, ಮೀಟರ್ ನೋಡುವವರು, ಚೆಂಡು ಹುಡುಕುವ ಮಕ್ಕಳು ಎಲ್ಲರೂ ಅದೇ ಓಣಿಯಲ್ಲಿ ಓಡಾಡಬೇಕು. ಸಾಲದ್ದಕ್ಕೆ ಪಕ್ಕದ ಮನೆ ಮೂರು ಅಂತಸ್ತಿನದಾದರೆ ಆ ಸಂದಿಗೆ ದಿನಕ್ಕೆ ಎರಡು ಗಂಟೆ ಬಿಸಿಲೂ ಬೀಳುವುದಿಲ್ಲ. ಈ ಹುಲ್ಲಿಗೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು.

ಮುಂದುಗಡೆ ರಸ್ತೆಯ ಕಡೆ ಜಾಗವಿದ್ದರೆ ಒಂದೇ ಒಂದು ಬುಡ ಹಾಕಿ. ಗೇಟಿನಿಂದ, ನಡೆಯುವ ದಾರಿಯಿಂದ ನಾಲ್ಕಡಿ ದೂರವಿರಲಿ. ಜಾಗ ಇನ್ನೂ ಕಡಿಮೆಯಿದ್ದರೆ 'ಪುಮಿಲ' ಎಂಬ ಗಿಡ್ಡ ತಳಿ ಕೇಳಿ. ಅದು ತೆನೆ ಸೇರಿ ಐದಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ.

ನೆಡಲು ಜೂನ್ ಒಳ್ಳೆಯದು, ಒಂದೆರಡು ಹದ ಮಳೆ ಬಿದ್ದ ಮೇಲೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಮನೆ ಕಟ್ಟಿದ ಸೈಟಿನಲ್ಲಿ ಒಂದಡಿ ಕೆಳಗೆ ಗಾರೆ ಚೂರು, ಸಿಮೆಂಟ್ ಹೆಪ್ಪು, ಟೈಲ್ಸ್ ತುಂಡು ಸಿಗುವುದೇ ಹೆಚ್ಚು. ಅದನ್ನೆಲ್ಲ ಹೊರಗೆ ಹಾಕಿ. ಬಳಿಕ ಗುಂಡಿಗೆ ಎರಡು ಬಕೆಟ್ ನೀರು ಸುರಿದು ನೋಡಿ. ಎರಡು ಗಂಟೆಯಾದರೂ ನೀರು ಇಂಗದಿದ್ದರೆ ನೆಲಮಟ್ಟದಲ್ಲಿ ನೆಡಬೇಡಿ, ಎಂಟು ಇಂಚು ಎತ್ತರಕ್ಕೆ ಮಣ್ಣು ಏರಿಸಿ ಅದರ ಮೇಲೆ ನೆಡಿ. ತೆಗೆದ ಕೆಮ್ಮಣ್ಣಿಗೆ ಒಂದು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಸಾಕು. ಕವರಿನಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಷ್ಟೇ ಆಳಕ್ಕೆ ಗಿಡ ಕೂರಬೇಕು. ಬುಡದ ಮೇಲೆ ಮಣ್ಣು ಏರಿಸಿದರೆ ಹೊಸ ತೆಂಡೆ (ಬುಡದಿಂದ ಏಳುವ ಮರಿಚಿಗುರು) ಹೊರಡುವ ಜಾಗವೇ ಕೊಳೆಯುತ್ತದೆ.

ಮಳೆ ಇಲ್ಲದ ದಿನಗಳಲ್ಲಿ ಮೊದಲ ತಿಂಗಳು ದಿನ ಬಿಟ್ಟು ದಿನ ನಾಲ್ಕೈದು ಲೀಟರ್ ನೀರು. ಆಮೇಲೆ ಮೊದಲ ಬೇಸಿಗೆ ಮುಗಿಯುವವರೆಗೆ ವಾರಕ್ಕೆರಡು ಸಲ. ಬೇರು ಇಳಿದ ಮೇಲೆ ಮಾರ್ಚ್‌ನಿಂದ ಮೇ ತನಕ ವಾರಕ್ಕೊಮ್ಮೆ ಹತ್ತು ಹದಿನೈದು ಲೀಟರ್ ಸಾಕು, ಉಳಿದ ಕಾಲದಲ್ಲಿ ಅದರ ಪಾಡಿಗೆ ಬಿಡಿ.

ಟೆರೇಸಿನಲ್ಲಿ ಕುಂಡದಲ್ಲಿ ಬೆಳೆಯಲು ಆಗುತ್ತದೆಯೇ?
— ಬಸವನಗುಡಿಯ ಓದುಗರು

ಆಗುತ್ತದೆ, ಗಿಡ್ಡ ತಳಿಯಾದರೆ. 12 ಇಂಚಿನ ಕುಂಡ ಒಂದೇ ವರ್ಷದಲ್ಲಿ ಬೇರಿನಿಂದ ಬಿಗಿದುಹೋಗುತ್ತದೆ, ತೆನೆಯಂತೂ ಬರುವುದಿಲ್ಲ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ ತಳದಲ್ಲಿ ಅರ್ಧ ಇಂಚಿನ ಎಂಟು ಹತ್ತು ತೂತು ಕೊರೆಸಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಕೋಕೊಪೀಟ್, ಒಂದು ಪಾಲು ತೊಳೆದ ಎಂ-ಸ್ಯಾಂಡ್ ಸೇರಿಸಿ ತುಂಬಿ. ತೊಳೆಯದ ಎಂ-ಸ್ಯಾಂಡಿನ ಕಲ್ಲುಪುಡಿ ತಳದಲ್ಲಿ ಗಟ್ಟಿಯಾಗಿ ಕೂತು ನೀರನ್ನು ತಡೆಯುತ್ತದೆ.

ತೂಕದ ಲೆಕ್ಕ ಮರೆಯಬೇಡಿ. ನೀರು ಕುಡಿದ ಮಣ್ಣು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಹಾಗಾದರೆ ಅರ್ಧ ಡ್ರಮ್ಮೇ 150 ಕಿಲೋದ ಹತ್ತಿರ. ಅದನ್ನು ಸ್ಲ್ಯಾಬಿನ ನಡುವೆ ಇಡಬೇಡಿ, ಕೆಳಗೆ ಬೀಮ್ ಅಥವಾ ಗೋಡೆ ಇರುವ ಅಂಚಿನಲ್ಲಿಡಿ. ಡ್ರಮ್ಮಿನ ಅಡಿಗೆ ಇಟ್ಟಿಗೆ ಕೊಟ್ಟು ಎರಡು ಇಂಚು ಎತ್ತರಿಸಿದರೆ ಹರಿದ ನೀರು ನಿಲ್ಲುವುದಿಲ್ಲ, ವಾಟರ್‌ಪ್ರೂಫಿಂಗ್ ಕೆಡುವುದಿಲ್ಲ. ನೆಲದ ಗಿಡಕ್ಕಿರುವ ಬರ ತಡೆಯುವ ಶಕ್ತಿ ಕುಂಡದ ಗಿಡಕ್ಕಿಲ್ಲ. ಏಪ್ರಿಲ್‌ನಲ್ಲಿ ದಿನಾ ನೀರು ಬೇಕು. ಮೂರು ವರ್ಷಕ್ಕೊಮ್ಮೆ ಹೊರತೆಗೆದು ಬುಡ ಸೀಳಿ ಅರ್ಧವನ್ನು ಮಾತ್ರ ಮತ್ತೆ ನೆಡಬೇಕು.

ಗಿಡ ನೆಟ್ಟು ಮೂರು ವರ್ಷವಾಯಿತು. ಸೊಂಪಾಗಿ ಬೆಳೆದಿದೆ, ಆದರೆ ಒಂದು ತೆನೆಯೂ ಬಂದಿಲ್ಲ. ಏನು ಕೊರತೆ?
— ರಾಜಾಜಿನಗರದ ಓದುಗರು

ಮೊದಲು ಅದು ಪಾಂಪಾಸ್ ಹೌದೋ ಅಲ್ಲವೋ ಖಚಿತಪಡಿಸಿಕೊಳ್ಳಿ. ಆ ಹೆಸರಿನಲ್ಲಿ ಬೇರೆ ಹುಲ್ಲುಗಳೂ ಮಾರಾಟವಾಗುತ್ತವೆ. ಪೊದೆಯ ಬುಡಕ್ಕೆ ಬಗ್ಗಿ ಒಣಗಿದ ಹಳೆಯ ಗರಿಗಳನ್ನು ನೋಡಿ. ಪಾಂಪಾಸ್ ಆದರೆ ಅವು ಬಡಗಿ ಉಜ್ಜುಗೊರಡು ಹಾಕಿದಾಗ ಬೀಳುವ ಮರದ ಹೊಪ್ಪಳಿಕೆಯಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಹಸಿರು ಗರಿ ನಾಲ್ಕರಿಂದ ಆರು ಅಡಿ ಉದ್ದ, ಬಣ್ಣ ತುಸು ಬೂದು ಹಸಿರು, ಅಂಚು ಹರಿತ. ಎಲ್ಲ ಗರಿಯೂ ಒಂದೇ ಬುಡದಿಂದ ಚಿಮ್ಮಿರುತ್ತದೆ. ಬುಡದಿಂದ ಎರಡಡಿ ದೂರದಲ್ಲಿ ನೆಲದೊಳಗಿಂದ ಹೊಸ ಚಿಗುರು ಏಳುತ್ತಿದ್ದರೆ ಅದು ನಮ್ಮ ಕೆರೆಯಂಚುಗಳಲ್ಲಿ ಬಿಳಿ ತೆನೆ ಬಿಡುವ ಕಾಡುಕಬ್ಬಿನ ಜಾತಿ ಇರಬಹುದು. ಮೂರಡಿ ದಾಟದೆ, ಮೆತ್ತಗಿನ ಸಣ್ಣ ಗರಿಯಿದ್ದರೆ ಅದು ಫೌಂಟನ್ ಗ್ರಾಸ್.

ಪಾಂಪಾಸೇ ಆಗಿದ್ದರೆ ನಿಮ್ಮ ಪ್ರಶ್ನೆಯಲ್ಲಿರುವ 'ಸೊಂಪಾಗಿ' ಎಂಬ ಮಾತೇ ಸುಳಿವು. ಸಾರಜನಕ ಜಾಸ್ತಿಯಾದರೆ ಗರಿ ಕೊಬ್ಬುತ್ತದೆ, ತೆನೆ ಹಿಂದೆ ಬೀಳುತ್ತದೆ. ಯೂರಿಯ ಹಾಕುತ್ತಿದ್ದರೆ ನಿಲ್ಲಿಸಿ. ಪಕ್ಕದ ಲಾನಿಗೆ ಹಾಕಿದ ಗೊಬ್ಬರ ನೀರಿನ ಜೊತೆ ಹರಿದು ಬಂದರೂ ಇದೇ ಪರಿಣಾಮ. ವರ್ಷಕ್ಕೊಂದೇ ಸಲ, ಬುಡ ಕತ್ತರಿಸಿದ ಮೇಲೆ, ಎರಡು ಮೂರು ಕಿಲೋ ಕಾಂಪೋಸ್ಟ್ ಕೊಡಿ. ಜೊತೆಗೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 17:17:17 ಗೊಬ್ಬರ ಐವತ್ತು ಗ್ರಾಂ ಸಾಕು, ಅದೂ ಬುಡಕ್ಕೆ ತಾಗದಂತೆ ಒಂದಡಿ ದೂರದ ಪಾತಿಯಲ್ಲಿ.

ಇನ್ನೊಂದು ಕಾರಣ ನೆರಳು. ನೆಟ್ಟಾಗ ಬಿಸಿಲಿದ್ದ ಜಾಗಕ್ಕೆ ಮೂರು ವರ್ಷದಲ್ಲಿ ಬೀದಿಯ ಹೊಂಗೆ ಮರವೋ ಎದುರಿನ ಹೊಸ ಕಟ್ಟಡವೋ ನೆರಳು ಹಾಕಿರಬಹುದು. ಗಂಟೆಗೊಮ್ಮೆ ನೋಡಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆಂದು ಬರೆದಿಟ್ಟುಕೊಳ್ಳಿ. ಮೂರನೆಯದು ತಪ್ಪು ಕಾಲದಲ್ಲಿ ಕತ್ತರಿಸುವುದು. ತೆನೆ ಸಾಮಾನ್ಯವಾಗಿ ಮಳೆಗಾಲದ ಕೊನೆಯ ಹೊತ್ತಿಗೆ ಹೊರಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಚೊಕ್ಕ ಮಾಡಲೆಂದು ಕತ್ತರಿ ಆಡಿಸಿದರೆ ಒಳಗೆ ರೂಪುಗೊಳ್ಳುತ್ತಿರುವ ತೆನೆಯೇ ತುಂಡಾಗುತ್ತದೆ. ಬೀಜದಿಂದ ಎಬ್ಬಿಸಿದ ಗಿಡವಾದರೆ ಮೊದಲ ತೆನೆಗೆ ಎರಡು ಮೂರು ವರ್ಷ ತಾನಾಗಿಯೇ ಬೇಕು, ಇನ್ನೊಂದು ವರ್ಷ ನೋಡಿ.

ಬುಡದಲ್ಲಿ ಒಣಗರಿ ರಾಶಿ ಕಟ್ಟಿದೆ. ಕತ್ತರಿಸಲು ಹೋದ ಮಾಲಿಯ ಕೈಯೆಲ್ಲ ಗೀರಿತು. ಬೆಂಕಿ ಹಚ್ಚಿದರೆ ಹೊಸದಾಗಿ ಚಿಗುರುತ್ತದೆ ಎನ್ನುತ್ತಾರೆ. ನಿಜವೇ?
— ಸಹಕಾರನಗರದ ಓದುಗರು

ಚಿಗುರುವುದು ನಿಜ. ಆದರೂ ಬೆಂಕಿ ಬೇಡ. ಒಣಗರಿ ಕ್ಷಣದಲ್ಲಿ ಆಳೆತ್ತರಕ್ಕೆ ಉರಿಯುತ್ತದೆ, ಕಾಂಪೌಂಡ್, ಕಾರು, ಕೇಬಲ್ಲು ಎಲ್ಲವೂ ಹತ್ತಿರದಲ್ಲೇ ಇರುತ್ತವೆ. ನಗರದಲ್ಲಿ ಕಸ ಸುಡುವುದಕ್ಕೆ ನಿಷೇಧವೂ ಇದೆ. ಬುಡದ ನಡುಭಾಗ ಬೆಂದುಹೋದರೆ ಆ ಭಾಗ ಮತ್ತೆ ಚಿಗುರುವುದೂ ಇಲ್ಲ.

ಕತ್ತರಿಸುವ ಕಾಲ ಫೆಬ್ರುವರಿ ಕೊನೆಯಿಂದ ಯುಗಾದಿಯ ಒಳಗೆ. ದಪ್ಪ ಚರ್ಮದ ಕೈಗವಸು, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ಈ ಮೂರೂ ಇಲ್ಲದೆ ಮಾಲಿಯನ್ನು ಕೆಲಸಕ್ಕೆ ಇಳಿಸಬೇಡಿ. ಗರಿಯ ಅಂಚಿನಲ್ಲಿ ಸಿಲಿಕಾದ ಸಣ್ಣ ಹಲ್ಲುಗಳಿವೆ, ಗೀರು ಆಳವಾಗಿ ಬೀಳುತ್ತದೆ, ವಾರ ಕಳೆದರೂ ಉರಿಯುತ್ತದೆ. ಕೈಗವಸಿನ ಖರ್ಚು ಮನೆಯವರದೇ ಆಗಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಮೊದಲು ಉದ್ದ ಕೋಲಿನಿಂದ ಪೊದೆಯನ್ನು ನಾಲ್ಕೂ ಕಡೆಯಿಂದ ಬಡಿಯಿರಿ. ಬೆಚ್ಚಗಿನ ಒಣಗರಿಯಲ್ಲಿ ಇಲಿ ಗೂಡು ಕಟ್ಟುತ್ತದೆ, ಇಲಿ ಇದ್ದಲ್ಲಿ ಹಾವು ಬರುತ್ತದೆ. ಆಮೇಲೆ ಸೆಣಬಿನ ಹಗ್ಗದಿಂದ ಇಡೀ ಪೊದೆಯನ್ನು ಮೂರು ಕಡೆ ಬಿಗಿದು ಕಟ್ಟಿ: ನೆಲದಿಂದ ಎರಡಡಿಗೆ, ನಾಲ್ಕಡಿಗೆ, ಮೇಲ್ತುದಿಗೆ. ಕಟ್ಟಿನ ಕೆಳಗೆ, ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ, ದೊಡ್ಡ ಬೇಲಿ ಕತ್ತರಿಯಿಂದ ಸುತ್ತ ಕತ್ತರಿಸುತ್ತ ಬನ್ನಿ. ಇಡೀ ಹೊರೆ ಚೆಲ್ಲಾಪಿಲ್ಲಿಯಾಗದೆ ಒಟ್ಟಿಗೇ ಉರುಳುತ್ತದೆ. ತೆನೆಯ ಹಳೆ ದಂಟು ಬಿದಿರಿನಷ್ಟು ಗಟ್ಟಿ, ಅದಕ್ಕೆ ಗರಗಸ ಬೇಕು. ಕೊನೆಗೆ ಕುಂಟೆಯಿಂದ ಬುಡದೊಳಗಿನ ಒಣಗರಿ ಕೆರೆದು ತೆಗೆಯಿರಿ. ಒಳಗೆ ಹಸಿರು ಮೊಳಕೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಅದಕ್ಕಿಂತ ಕೆಳಗೆ ಹೋಗಬಾರದು. ಇನ್ನೂ ಒಂದು ವರ್ಷ ತುಂಬದ ಗಿಡವನ್ನು ಹೀಗೆ ಕತ್ತರಿಸಬೇಡಿ, ಒಣಗಿದ್ದನ್ನು ಕೈಯಿಂದ ಎಳೆದರೆ ಸಾಕು.

ಕತ್ತರಿಸಿದ ಗರಿ ಬೇಗ ಕೊಳೆಯುವುದಿಲ್ಲ. ಅರ್ಧ ಅಡಿ ತುಂಡು ಮಾಡಿ ಮರಗಳ ಪಾತಿಗೆ ಮುಚ್ಚಿಗೆ ಹಾಕಿ. ತೆನೆಯನ್ನು ಮಾತ್ರ ಕಾಂಪೋಸ್ಟಿಗೆ ಹಾಕಬೇಡಿ.

ಗುಲಾಬಿ ಮತ್ತು ನೀಲಿ ಪಾಂಪಾಸ್ ಬೀಜ ಆನ್‌ಲೈನಿನಲ್ಲಿದೆ. ತರಿಸಬಹುದೇ?
— ಬನಶಂಕರಿಯ ಓದುಗರು

ನೀಲಿ ತೆನೆಯ ಪಾಂಪಾಸ್ ಇಲ್ಲವೇ ಇಲ್ಲ, ಅದು ಬಣ್ಣ ಹಾಕಿದ್ದು. ನಸುಗುಲಾಬಿ ತಳಿ ಇದೆ, ಆದರೆ ಬೀಜದಿಂದ ಅದೇ ಬಣ್ಣ ಬರುವ ಭರವಸೆಯಿಲ್ಲ. ಕೆಲವು ಗಿಡಗಳದು ತುಂಬಿಕೊಂಡ ರೇಷ್ಮೆ ತೆನೆ, ಇವು ಹೆಣ್ಣು. ಉಳಿದವುಗಳದು ಬಡಕಲು. ಲಾಲ್‌ಬಾಗ್ ಬಳಿಯ ಸಿದ್ಧಾಪುರದ ನರ್ಸರಿಗಳಲ್ಲೋ ಬೇರೆಡೆಯೋ ತೆನೆ ನೋಡಿಯೇ ಬುಡ ಸೀಳಿದ ಗಿಡ ಕೊಳ್ಳಿ. ಸೀಳಿದ ತುಂಡಿನಲ್ಲಿ ಕನಿಷ್ಠ ಐದಾರು ತೆಂಡೆ, ಅದಕ್ಕಂಟಿದ ಬೇರು ಇರಬೇಕು.

ಮಳೆಗಾಲದಲ್ಲಿ ನಡುವಿನ ಗರಿಗಳು ಹಳದಿಯಾಗಿ, ಎಳೆದರೆ ಕೈಗೇ ಬರುತ್ತಿವೆ.
— ಕೆಂಗೇರಿಯ ಓದುಗರು

ಕಿತ್ತು ಬಂದ ಗರಿಯ ಬುಡ ಮೂಸಿ ನೋಡಿ. ಕೊಳೆತ ವಾಸನೆಯಿದ್ದು ಕಂದು ಲೋಳೆಯಾಗಿದ್ದರೆ ಬುಡಕೊಳೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು. ಆ ಹೊತ್ತಿಗೆ ನೀರು ನಿಂತರೆ ಹೀಗಾಗುತ್ತದೆ. ಪಾತಿಯ ಒಂದು ಬದಿ ಒಡೆದು ನೀರು ಹೊರಬಿಡಿ, ಬುಡದ ಮೇಲಿನ ಮಣ್ಣು, ಮುಚ್ಚಿಗೆ ಸರಿಸಿ, ಕೊಳೆತ ತೆಂಡೆಗಳನ್ನು ಚೂರಿಯಿಂದ ಬಿಡಿಸಿ ತೆಗೆಯಿರಿ. ಮಳೆ ಮುಗಿಯುವವರೆಗೆ ಗೊಬ್ಬರ ಕೊಡಬೇಡಿ. ಅರ್ಧಕ್ಕಿಂತ ಹೆಚ್ಚು ಕೊಳೆತಿದ್ದರೆ ಗಟ್ಟಿಯಿರುವ ಹೊರಬದಿಯ ತುಂಡನ್ನು ಸೀಳಿ ಎತ್ತರದ ಜಾಗಕ್ಕೆ ಬದಲಿಸಿ.

ವಾಸನೆಯಿಲ್ಲದೆ ಬರೀ ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಹಿಟ್ಟು ತಿಗಣೆ. ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಎರಡು ಎಂಎಲ್ ದ್ರವ ಸೋಪು ಕಲಕಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ತೆನೆ ಕಿತ್ತು ಹೂದಾನಿಯಲ್ಲಿಟ್ಟರೆ ಮನೆಯೆಲ್ಲ ಹಿಂಜು ಉದುರುತ್ತದೆ.
— ಮಲ್ಲೇಶ್ವರದ ಓದುಗರು

ಕಿತ್ತದ್ದು ತಡವಾಗಿದೆ. ಪೂರ್ತಿ ಅರಳಿದ ತೆನೆ ಬೀಜ ಹಾರಿಸಲು ತಯಾರಾಗಿರುತ್ತದೆ. ಹೊದಿಕೆಯಿಂದ ಹೊರಬಂದು ಇನ್ನೂ ಹೊಳೆಯುತ್ತಿರುವಾಗಲೇ ಕತ್ತರಿಸಿ. ನೆರಳಿನ, ಗಾಳಿಯಾಡುವ ಕೋಣೆಯಲ್ಲಿ ಎರಡು ಮೂರು ವಾರ ಒಣಗಿಸಿ. ದಂಟು ನೆಟ್ಟಗಿರಬೇಕಾದರೆ ತಲೆಕೆಳಗು ನೇತುಹಾಕಿ, ತೆನೆ ಬಾಗಿ ತುಂಬಿಕೊಂಡಂತೆ ಕಾಣಬೇಕಾದರೆ ನಿಲ್ಲಿಸಿಯೇ ಒಣಗಿಸಿ. ಆಮೇಲೆ ಒಂದಡಿ ದೂರದಿಂದ ಹೇರ್ ಸ್ಪ್ರೇ ಹೊಡೆದರೆ ಹಿಂಜು ಹಿಡಿದು ನಿಲ್ಲುತ್ತದೆ. ದೇವರ ಮನೆಯ ದೀಪದಿಂದ ದೂರವಿಡಿ, ಹೇರ್ ಸ್ಪ್ರೇ ಹೊಡೆದದ್ದು ಬಲುಬೇಗ ಹತ್ತಿಕೊಳ್ಳುತ್ತದೆ.

ಹೆಸರಘಟ್ಟದ ಕಡೆ ಒಂದು ಎಕರೆ ಇದೆ. ಬೇಲಿಯುದ್ದಕ್ಕೂ ಮೂವತ್ತು ಬುಡ ಹಾಕುವ ಯೋಚನೆ. ದನ ನುಗ್ಗುವುದಿಲ್ಲ, ನೋಟಕ್ಕೂ ಚಂದ.
— ಯಲಹಂಕದ ಓದುಗರು

ಈ ಯೋಚನೆಯನ್ನು ಕೈಬಿಡಿ ಎಂದು ಕೇಳಿಕೊಳ್ಳುತ್ತೇವೆ. ಒಂದು ಹೆಣ್ಣು ತೆನೆಯಲ್ಲಿ ಲಕ್ಷದವರೆಗೂ ಬೀಜ ಆಗಬಹುದು. ಅವು ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ತೇಲಿಹೋಗುತ್ತವೆ. ಅಲಂಕಾರಕ್ಕೆಂದು ತಂದ ಈ ಹುಲ್ಲು ಕ್ಯಾಲಿಫೋರ್ನಿಯ, ದಕ್ಷಿಣ ಆಫ್ರಿಕ, ಸ್ಪೇನಿನ ಉತ್ತರ ಕರಾವಳಿಯಲ್ಲಿ ಕಳೆಯಾಗಿ ಹಬ್ಬಿದೆ. ನ್ಯೂಜಿಲೆಂಡಿನಲ್ಲಿ ಇದರ ಮಾರಾಟಕ್ಕೇ ನಿಷೇಧವಿದೆ. ನಮ್ಮಲ್ಲಿ ಲಂಟಾನವೂ ಅಲಂಕಾರದ ಗಿಡವಾಗಿಯೇ ಬಂದದ್ದು, ಇವತ್ತು ಬಂಡೀಪುರದ ಕಾಡಿನೊಳಗೆ ಅದು ಹೇಗೆ ಹಬ್ಬಿದೆ ಎಂದು ಎಲ್ಲರಿಗೂ ಗೊತ್ತು. ನಿಮ್ಮ ಬೇಲಿಯ ಆಚೆಗಿರುವುದು ಬೆಂಗಳೂರಿನ ಸುತ್ತ ಉಳಿದಿರುವ ಕೆಲವೇ ಸಹಜ ಹುಲ್ಲುಗಾವಲುಗಳಲ್ಲಿ ಒಂದು. ಬಿಸಿಲು, ಬಯಲು, ನೀರು ಬಸಿಯುವ ಕೆಂಪು ನೆಲ, ಈ ಹುಲ್ಲಿಗೆ ಬೇಕಾದದ್ದೆಲ್ಲ ಅಲ್ಲಿದೆ.

ಅದರ ಬದಲು ಲಾವಂಚ ಹಾಕಿ. ಗರಿಯ ಪೊದೆ ಹೆಚ್ಚುಕಡಿಮೆ ಅಷ್ಟೇ ಗಂಭೀರ, ಐದಾರು ಅಡಿ ಎತ್ತರ, ಬೇರು ಆಳಕ್ಕಿಳಿದು ಬದುವಿನ ಮಣ್ಣು ಹಿಡಿಯುತ್ತದೆ. ಬೀಜ ಕಟ್ಟದ ತಳಿ ಕೇಳಿ ಪಡೆಯಿರಿ. ಮುಂಗಾರು ಹಿಡಿದ ಮೇಲೆ ಮುಕ್ಕಾಲು ಅಡಿ ಅಂತರದಲ್ಲಿ ಎರಡು ಮೂರು ತೆಂಡೆಯ ತುಂಡುಗಳನ್ನು ಸಾಲಾಗಿ ನೆಡಿ, ಎರಡನೇ ವರ್ಷಕ್ಕೆ ಸಾಲು ಕೂಡಿಕೊಳ್ಳುತ್ತದೆ. ಅಡುಗೆಮನೆಯ ಹತ್ತಿರ ಮಜ್ಜಿಗೆ ಹುಲ್ಲು ಇರಲಿ.

ಈಗಾಗಲೇ ಒಂದೆರಡು ಪಾಂಪಾಸ್ ಬುಡ ನೆಟ್ಟಿದ್ದರೆ ಪ್ರತಿ ತೆನೆಯನ್ನೂ ಹೊಳಪಿರುವಾಗಲೇ ಕತ್ತರಿಸಿ ಮನೆಯೊಳಗೆ ತನ್ನಿ. ತೆಗೆದುಹಾಕುವ ಮನಸ್ಸಿದ್ದರೆ ಗರಿ ಕತ್ತರಿಸಿ, ಪಿಕಾಸಿ ಮತ್ತು ಹಾರೆಯಿಂದ ಬುಡದ ಗಡ್ಡೆಯನ್ನು ಪೂರ್ತಿ ಎಬ್ಬಿಸಿ, ಬೇರು ಮೇಲಾಗಿ ಮಗುಚಿ ಬಿಸಿಲಿಗೆ ಒಣಹಾಕಿ. ನೆಲದಲ್ಲಿ ಉಳಿದ ಬರೀ ಬೇರು ಚಿಗುರುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಆ ಜಾಗದ ಸುತ್ತ ಸಸಿ ಎದ್ದಿದೆಯೇ ಎಂದು ನೋಡಿ, ಗೇಣುದ್ದ ಇರುವಾಗಲೇ ಕಿತ್ತುಬಿಡಿ.